ಮಾಡ್ಯೂಲ್ ಬದಲಿಸುವ ಮುನ್ನ ಪ್ಲಗ್ ಬಿಚ್ಚಿ ನೋಡಿ

ಸಾಮಾನು ಹೇರಿಕೊಂಡು ಹೊರಟ ಆಟೊಮ್ಯಾಟಿಕ್ ವ್ಯಾನು ದಾರಿಯಲ್ಲೇ ಎರಡನೇ ಗೇರಿಗೆ ಕಚ್ಚಿಕೊಂಡು ಮೇಲೇಳದಿದ್ದರೆ, ‘ಕಂಟ್ರೋಲ್ ಮಾಡ್ಯೂಲ್ ಹೋಗಿದೆ’ ಎನ್ನುವ ಮೆಕ್ಯಾನಿಕ್‌ಗಳಿಗೆ ಬರವಿಲ್ಲ. ಹೋಗಿರಲೂಬಹುದು. ಆದರೆ ಯಾಕೆ ಹೋಯಿತೆಂದು ಕೇಳದೆ ದುಡ್ಡು ಬಿಚ್ಚಬೇಡಿ.

ಅಮೆರಿಕದಲ್ಲಿ 2003ರಿಂದ ಡಾಡ್ಜ್ ಹೆಸರಿನಲ್ಲೂ ಮಾರಾಟವಾದ ಸ್ಪ್ರಿಂಟರ್ ವ್ಯಾನನ್ನೇ ನೋಡಿ. ಅದರ ಐದು ಗೇರಿನ ಪೆಟ್ಟಿಗೆಗೆ ವೈರು ಸೇರುವ ಕಡೆ 13 ಪಿನ್ನಿನ ಪ್ಲಗ್ ಇದೆ. ಅದರ ಓ-ರಿಂಗ್ ಸವೆದರೆ ಎಣ್ಣೆ ಜಿನುಗುತ್ತದೆ. ನೆಲಕ್ಕೆ ತೊಟ್ಟಿಕ್ಕಿದರೆ ವಾಸಿ, ಕಣ್ಣಿಗಾದರೂ ಬೀಳುತ್ತದೆ. ಆದರೆ ಅದು ದೀಪದ ಬತ್ತಿಯಲ್ಲಿ ಏರುವ ಹಾಗೆ ವೈರಿನೊಳಗೇ ಏರಿ ಮಾಡ್ಯೂಲಿನ ಕನೆಕ್ಟರನ್ನು ಮುಟ್ಟುತ್ತದೆ. ಹಳೇ ಪ್ಲಗ್ ಬಿಟ್ಟು ಹೊಸ ಮಾಡ್ಯೂಲ್ ಕೂರಿಸಿದರೆ ಅದಕ್ಕೂ ಅದೇ ಗತಿ. ಪ್ಲಗ್ಗಿನ ಬೆಲೆಯೋ, ಮಾಡ್ಯೂಲಿನ ಮುಂದೆ ಪುಡಿಗಾಸು!

ಬ್ಯಾಟರಿ ವೋಲ್ಟೇಜು, ಅರ್ತಿಂಗು, ಫ್ಯೂಸುಗಳನ್ನೂ ಮೊದಲೇ ಪರೀಕ್ಷಿಸಿ. ಗುಜರಿಯ ಮಾಡ್ಯೂಲ್ ಅಗ್ಗವೆಂದು ತರುವವರು ಪಾರ್ಟ್ ನಂಬರ್ ತಾಳೆ ನೋಡಿ. ತಾಳೆಯಾದರೂ ಸಿಕ್ಕಿಸಿದೊಡನೆ ಗಾಡಿ ಓಡುತ್ತದೆಂಬ ಭರವಸೆ ಬೇಡ. ನಿಮ್ಮ ವ್ಯಾನಿಗೆ ಅದನ್ನು ಕೋಡಿಂಗ್ ಮಾಡಬಲ್ಲ ಸ್ಕ್ಯಾನರ್ ಇರುವವರನ್ನು ಹುಡುಕಿ, ಆಮೇಲಷ್ಟೇ ಕೆಲಸ ಒಪ್ಪಿಸಿ.