ಕಥೆಗಾರರ ಮುಯ್ಯಾಳು

ಮಧುಗಿರಿ ತಾಲ್ಲೂಕಿನ ಬಡವನಹಳ್ಳಿಯ ಸುತ್ತಿನ ಬೆದ್ದಲು ಹೊಲಗಳಲ್ಲಿ ರಾಗಿಯ ಕುಯ್ಲಾಗಲಿ ಕಡಲೆಕಾಯಿ ಕೀಳುವುದಾಗಲಿ ಕಾಯುವ ಕೆಲಸವಲ್ಲ. ಒಂದು ಮನೆಯವರ ಕೈಗೆ ಮುಗಿಯುವ ಕೆಲಸವೂ ಅಲ್ಲ. ಇದಕ್ಕೆಂದೇ ನಮ್ಮ ಹಿರಿಯರು ಮಾಡಿಕೊಂಡಿದ್ದ ಏರ್ಪಾಡು ಮುಯ್ಯಾಳು. ಇಂದು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ. ಕೂಲಿಯ ಮಾತಿಲ್ಲ, ಆದರೆ ಲೆಕ್ಕ ಮರೆಯುವುದೂ ಇಲ್ಲ. ಹೊಲ ಮಾತ್ರ ಹೊಲದವನದೇ. ಈ ಪದ್ಧತಿಯನ್ನು ನೆನಪಿನಲ್ಲಿಟ್ಟುಕೊಂಡರೆ, ಅಮೆರಿಕದಲ್ಲಿ ಬೆಳೆದಿರುವ ಹೊಸ ವಿನೋದವೊಂದರ ಮರ್ಮವು ಸುಲಭವಾಗಿ ತಿಳಿದೀತು.

ಆ ವಿನೋದವೆಂದರೆ ಮೇಜಿನ ಸುತ್ತ ಕುಳಿತು ಆಡುವ ಪಾತ್ರದಾಟ. ೧೯೭೪ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ರಚಿಸಿ ಪ್ರಕಟಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಇಂಥ ಆಟಗಳಿಗೆ ಮೊದಲಿನದು. ಇದರಲ್ಲಿ ಒಬ್ಬನು ಸೂತ್ರಧಾರ. ಲೋಕವನ್ನೂ ಸನ್ನಿವೇಶವನ್ನೂ ಅವನು ವರ್ಣಿಸುತ್ತಾನೆ. ಉಳಿದವರು ಒಂದೊಂದು ಪಾತ್ರವನ್ನು ವಹಿಸಿ, ತಾವೇನು ಮಾಡುವೆವೆಂಬುದನ್ನು ಮಾತಿನಲ್ಲಿಯೇ ಹೇಳುತ್ತಾರೆ. ಕರಾವಳಿಯ ಮತ್ತು ಕಾಸರಗೋಡಿನ ತಾಳಮದ್ದಳೆಯನ್ನು ಕೇಳಿದವರಿಗೆ ಇದು ತೀರ ಅಪರಿಚಿತವೆನಿಸದು. ಅಲ್ಲಿಯೂ ಅರ್ಥಧಾರಿಗಳು ವೇಷವಿಲ್ಲದೆ ಕುಳಿತು, ಆಶುವಾದ ಮಾತಿನಿಂದಲೇ ಕೃಷ್ಣನೂ ಕೌರವನೂ ಆಗುತ್ತಾರೆ. ಮುಖ್ಯ ಭೇದವಿಷ್ಟೆ: ತಾಳಮದ್ದಳೆಯಲ್ಲಿ ಪ್ರಸಂಗದ ಕೊನೆ ಎಲ್ಲರಿಗೂ ಗೊತ್ತು, ಪಾತ್ರದಾಟದಲ್ಲಿ ಯಾರಿಗೂ ಗೊತ್ತಿಲ್ಲ. ಹಿಡಿದ ಕೆಲಸ ಕೈಗೂಡಿತೋ ಕೆಟ್ಟಿತೋ ಎಂಬುದನ್ನು ಇಪ್ಪತ್ತು ಮುಖದ ದಾಳವು ತೀರ್ಮಾನಿಸುತ್ತದೆ.

ಈ ಆಟವನ್ನು ವಿಡಿಯೋ ಮಾಡಿ ಅಂತರ್ಜಾಲದಲ್ಲಿ ತೋರಿಸುವ ತಂಡಗಳಲ್ಲಿ ಎರಡು ಬಹಳ ಪ್ರಸಿದ್ಧವಾಗಿವೆ. ೨೦೧೫ರ ಮಾರ್ಚಿಯಲ್ಲಿ ‘ಕ್ರಿಟಿಕಲ್ ರೋಲ್’ ಮೊದಲಾಯಿತು. ಅದರ ಸೂತ್ರಧಾರರು ಮ್ಯಾಥ್ಯೂ ಮರ್ಸರ್. ೨೦೧೮ರಲ್ಲಿ ಬಂದ ‘ಡೈಮೆನ್ಷನ್ ೨೦’ಕ್ಕೆ ಬ್ರೆನನ್ ಲೀ ಮಲ್ಲಿಗನ್ ಸೂತ್ರಧಾರರು. ಒಂದೊಂದು ಸಂಚಿಕೆಯೂ ಗಂಟೆಗಟ್ಟಲೆ ನಡೆಯುತ್ತದೆ. ನೋಡುವವರ ಬಿಡುವಾದರೋ ಮಿತವಾದುದು. ಇವರಿಬ್ಬರೂ ಪರಸ್ಪರ ಪ್ರತಿಸ್ಪರ್ಧಿಗಳಾಗುವುದು ಸಹಜವೆಂದು ಯಾರಾದರೂ ಊಹಿಸಿಯಾರು. ಆದರೆ ನಡೆದದ್ದು ಬೇರೆ.

೨೦೧೯ರಲ್ಲಿ ಮರ್ಸರರು ಮಲ್ಲಿಗನ್ನರ ಮೇಜಿಗೆ ಆಟಗಾರರಾಗಿ ಬಂದರು. ೨೦೨೨ರಲ್ಲಿ, ಮರ್ಸರರು ಹಲವು ವರ್ಷ ಶ್ರಮಿಸಿ ಕಟ್ಟಿದ ಎಕ್ಸಾಂಡ್ರಿಯಾ ಎಂಬ ಕಲ್ಪಿತ ಲೋಕದ ಪೂರ್ವಕಥೆಯನ್ನು ‘ಕೆಲಾಮಿಟಿ’ ಎಂಬ ಹೆಸರಿನಿಂದ ನಾಲ್ಕು ಕಂತುಗಳಲ್ಲಿ ನಡೆಸಿಕೊಟ್ಟವರು ಮಲ್ಲಿಗನ್. ಮರುವರ್ಷ ಮುಯ್ಯಿ ತೀರಿತು. ಮಲ್ಲಿಗನ್ನರ ಕ್ಯಾಲೋರಮ್ ಲೋಕದ ಪೂರ್ವಕಥೆಯಾದ ‘ದಿ ರಾವೆನಿಂಗ್ ವಾರ್’ ಅನ್ನು ಮರ್ಸರರು ನಡೆಸಿದರು. ಮಲ್ಲಿಗನ್ನರು ಆಟಗಾರರ ಸಾಲಿನಲ್ಲಿ ಕುಳಿತರು. ೨೦೨೫ರ ಅಕ್ಟೋಬರಿನಲ್ಲಿ ಕ್ರಿಟಿಕಲ್ ರೋಲಿನ ನಾಲ್ಕನೆಯ ದೀರ್ಘಕಥೆ ಆರಂಭವಾದಾಗ ಸೂತ್ರಧಾರನ ಪೀಠವೇ ಮಲ್ಲಿಗನ್ನರಿಗೆ ಬಂದಿತು.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ‘ಕೆಲಾಮಿಟಿ’ಯ ಯುಗವು ನಾಶವಾಗುವುದೆಂಬುದು ಪ್ರೇಕ್ಷಕರಿಗೆ ಮೊದಲೇ ತಿಳಿದಿತ್ತು. ಅತಿಥಿಯಾಗಿ ಬಂದವರು ಆ ಕೊನೆಯನ್ನು ಬದಲಿಸುವಂತಿರಲಿಲ್ಲ. ಅಲ್ಲಿಗೆ ತಲುಪುವ ದಾರಿಯನ್ನು ಮಾತ್ರ ಹೊಸದಾಗಿ ಕಡೆಯಬಹುದಾಗಿತ್ತು. ಎಂದರೆ ಪಾತ್ರದಾಟವು ಈ ಸಂದರ್ಭದಲ್ಲಿ ತಾಳಮದ್ದಳೆಯೇ ಆಯಿತು. ಪರರ ಹೊಲದಲ್ಲಿ ದುಡಿಯುವವನು ಬದುವನ್ನು ಕೀಳಬಾರದು. ಆದರೆ ಸಾಲನ್ನು ತನ್ನ ಕೈಚಳಕದಿಂದ ಹಿಡಿಯಬಹುದು. ಸಹಯೋಗದ ಸೂತ್ರವೆಲ್ಲ ಇದರಲ್ಲಿ ಅಡಗಿದೆಯೆಂದರೆ ತಪ್ಪಾಗದು.

ಇದು ಶುದ್ಧ ಪರೋಪಕಾರವೇನೂ ಅಲ್ಲ. ಒಬ್ಬರ ಪ್ರೇಕ್ಷಕರು ಇನ್ನೊಬ್ಬರಿಗೂ ದೊರೆಯುತ್ತಾರೆ. ಮುಯ್ಯಾಳಿನಲ್ಲಿಯೂ ಸ್ವಂತ ಲಾಭವಿರಲಿಲ್ಲವೆ? ಆದರೆ ಒಂದು ಕೊರತೆಯನ್ನೂ ಒಪ್ಪಿಕೊಳ್ಳಬೇಕು. ಹೊಲವಿಲ್ಲದವನಿಗೆ ಮುಯ್ಯಿ ಎಲ್ಲಿಯದು? ಅವನಿಗಿದ್ದುದು ಕೂಲಿ ಮಾತ್ರ. ಹಾಗೆಯೇ ಹತ್ತು ಮಂದಿ ಪ್ರೇಕ್ಷಕರಿರುವ ಹೊಸಬನು ಲಕ್ಷ ಮಂದಿಯುಳ್ಳವರಿಗೆ ಏನನ್ನು ಹಿಂದಿರುಗಿಸಿಯಾನು? ಅಂಥವನ ಆಸರೆ ಊರಿನ ಗೋಮಾಳ.

ಈ ಆಟಕ್ಕೂ ಒಂದು ಗೋಮಾಳವುಂಟು. ೨೦೦೦ದಲ್ಲಿ ಹೊರಟ ಮುಕ್ತ ಪರವಾನಗಿಯೊಂದರಿಂದ, ಆಟದ ಮೂಲ ನಿಯಮಗಳನ್ನಾಧರಿಸಿ ಯಾರು ಬೇಕಾದರೂ ಹೊಸ ಕೃತಿಗಳನ್ನು ರಚಿಸಿ ಮಾರಬಹುದಾಗಿತ್ತು. ೨೦೨೩ರ ಜನವರಿಯಲ್ಲಿ, ಒಡೆತನದ ಸಂಸ್ಥೆಯಾದ ವಿಜರ್ಡ್ಸ್ ಆಫ್ ದಿ ಕೋಸ್ಟ್ ಅದನ್ನು ಬಿಗಿಗೊಳಿಸಲು ಸಿದ್ಧಪಡಿಸಿದ್ದ ಕರಡು ಬಯಲಾಯಿತು. ವರ್ಷಕ್ಕೆ ಏಳೂವರೆ ಲಕ್ಷ ಡಾಲರಿಗೆ ಮೀರಿದ ಆದಾಯದಲ್ಲಿ ಪಾಲು ಕೇಳುವ ಷರತ್ತೂ ಅದರಲ್ಲಿತ್ತು. ಸಣ್ಣ ಪ್ರಕಾಶಕರೂ ವಿಡಿಯೋ ಮಾಡುವವರೂ ಆಟಗಾರರೂ ಒಂದಾಗಿ ಪ್ರತಿಭಟಿಸಿದರು. ಅದೇ ತಿಂಗಳ ೨೭ರಂದು ಸಂಸ್ಥೆಯು ಹಳೆಯ ಪರವಾನಗಿಯನ್ನು ಇದ್ದಂತೆಯೇ ಉಳಿಸಿ, ಮೂಲ ನಿಯಮಗಳನ್ನು ‘ಕ್ರಿಯೇಟಿವ್ ಕಾಮನ್ಸ್’ ಪರವಾನಗಿಯಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತು. ಬೇರೆ ಬೇರೆ ಹೊಲದವರು ಒಟ್ಟಿಗೆ ನಿಂತುದರಿಂದಲೇ ಗೋಮಾಳ ಉಳಿಯಿತು.

ವಿದ್ಯಾರ್ಥಿಮಿತ್ರರೆ, ನಮ್ಮ ಜೇಬಿನ ಮೊಬೈಲಿನಲ್ಲಿಯೂ ವಿಡಿಯೋ ಮಾಡುವ ಸೌಕರ್ಯವುಂಟು. ಕಥೆಗಳಿಗಂತೂ ನಮ್ಮ ಸೀಮೆಯಲ್ಲಿ ಬರವಿಲ್ಲ. ಮಧುಗಿರಿಯವರ ಮೇಜಿಗೆ ಸಿರಾದವರೂ ಪಾವಗಡದವರ ಮೇಜಿಗೆ ಕೊರಟಗೆರೆಯವರೂ ಹೋಗಿ ಕುಳಿತರೆ, ಕನ್ನಡದ ಪಾತ್ರದಾಟವೊಂದು ಏಕೆ ಹುಟ್ಟಬಾರದು? ಬೇಕಾದುದು ನಾಲ್ಕು ಮಂದಿ, ಒಂದು ದಾಳ. ಎಲ್ಲಕ್ಕಿಂತ ಮಿಗಿಲಾಗಿ, ತನ್ನ ಸರದಿ ಮುಗಿದಾಗ ಪೀಠವನ್ನು ಸಂತೋಷದಿಂದ ಬಿಟ್ಟುಕೊಡುವ ಮನಸ್ಸು.