160 ನಿಮಿಷದ ಲೆಕ್ಕ: ವೀಕೆಂಡ್ ಟೂರ್ನಮೆಂಟ್‌ನಲ್ಲಿ ಮಕ್ಕಳ ಬ್ಯಾಸ್ಕೆಟ್‌ಬಾಲ್ ಟೀಮ್ ನಡೆಸೋದು ಹೇಗೆ?

ನಮ್ಮಲ್ಲಿ ತುಂಬಾ ಜನ ಸ್ಕೂಲ್‌ನಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿದವರು. ಕಾಲೇಜಿಗೆ ಬಂದ ಮೇಲೆ ಏರಿಯಾದಲ್ಲಿ ಯಾರಾದ್ರೂ ಒಬ್ಬರು, "ನಮ್ಮ ಹುಡುಗರನ್ನ ಟೂರ್ನಮೆಂಟ್‌ಗೆ ಕರ್ಕೊಂಡು ಹೋಗ್ತೀಯಾ? ಎರಡೇ ದಿನ ಅಲ್ವಾ" ಅಂತ ಕೇಳ್ತಾರೆ. ಆಡೋಕೆ ಬರುತ್ತೆ ಅಂದ ಮೇಲೆ ಆಡಿಸೋಕೂ ಬರುತ್ತೆ ಅಂದ್ಕೊಂಡು ನಾವು ಹೂಂ ಅಂತೀವಿ. ನಾನೂ ಹಾಗೇ ಒಪ್ಪಿಕೊಂಡೆ. ಹದಿಮೂರು ವರ್ಷದೊಳಗಿನ ಹತ್ತು ಹುಡುಗರು. ಶನಿವಾರ ಎರಡು ಲೀಗ್ ಮ್ಯಾಚ್, ಭಾನುವಾರ ಬೆಳಿಗ್ಗೆ ಒಂದು, ಅದನ್ನ ಗೆದ್ದರೆ ಮಧ್ಯಾಹ್ನ ಸೆಮಿಫೈನಲ್. ಆ ಎರಡು ದಿನದಲ್ಲಿ ಕಲಿತದ್ದನ್ನ ಇಲ್ಲಿ ಪಾಠದ ಥರ ಬರೆದಿದ್ದೇನೆ. ನಾಳೆ ನಿಮ್ಮನ್ನೂ ಯಾರಾದ್ರೂ ಕೇಳಬಹುದು.

1. ಮೊದಲು ತಿಳಿದಿರಬೇಕಾದ ರೂಲ್ಸ್

ಅಂತರರಾಷ್ಟ್ರೀಯ ನಿಯಮದ ಪ್ರಕಾರ ಒಂದು ಮ್ಯಾಚ್ ಅಂದ್ರೆ 10 ನಿಮಿಷದ ನಾಲ್ಕು ಕ್ವಾರ್ಟರ್. ಮಕ್ಕಳ ಟೂರ್ನಮೆಂಟ್‌ಗಳಲ್ಲಿ ಇದನ್ನ ಕಡಿಮೆ ಮಾಡ್ತಾರೆ. ನಮಗೆ 8 ನಿಮಿಷದ ಕ್ವಾರ್ಟರ್ ಇತ್ತು. ಒಬ್ಬ ಆಟಗಾರ 5 ಫೌಲ್ ಮಾಡಿದ್ರೆ ಆ ಮ್ಯಾಚ್‌ನಿಂದ ಹೊರಗೆ. ಒಂದು ಕ್ವಾರ್ಟರ್‌ನಲ್ಲಿ ಟೀಮ್‌ನ ಒಟ್ಟು ಫೌಲ್ ನಾಲ್ಕು ದಾಟಿದ್ರೆ, ಐದನೇದರಿಂದ ಎದುರಾಳಿಗೆ ಎರಡು ಫ್ರೀ ಥ್ರೋ. ಟೈಮ್‌ಔಟ್ ಮೊದಲ ಅರ್ಧದಲ್ಲಿ 2, ಎರಡನೇ ಅರ್ಧದಲ್ಲಿ 3, ಒಂದೊಂದೂ ಒಂದು ನಿಮಿಷ. ಆಟಗಾರರನ್ನ ಎಷ್ಟು ಸಲ ಬೇಕಾದ್ರೂ ಬದಲಾಯಿಸಬಹುದು, ಆದರೆ ಆಟ ನಿಂತಾಗ ಮಾತ್ರ. ಒಳಗೆ ಹೋಗುವ ಹುಡುಗ ತಾನೇ ಸ್ಕೋರರ್ ಟೇಬಲ್ ಹತ್ರ ಹೋಗಿ ಕೇಳಬೇಕು. ಈ ಕೊನೆಯದನ್ನ ಮಕ್ಕಳಿಗೆ ಮೊದಲೇ ಹೇಳಿಕೊಡಿ. ಇಲ್ಲಾಂದ್ರೆ ಬೆಂಚ್‌ನಿಂದ ಸೀದಾ ಕೋರ್ಟ್ ಒಳಗೆ ಓಡ್ತಾರೆ.

2. ಶನಿವಾರ ನಾನು ಮಾಡಿದ ತಪ್ಪು

ಮೊದಲ ಮ್ಯಾಚ್‌ನಲ್ಲಿ ಚೆನ್ನಾಗಿ ಆಡುವ ಐದು ಜನರನ್ನ ಹೆಚ್ಚುಕಡಿಮೆ ಪೂರ್ತಿ ಆಡಿಸಿದೆ. ಗೆದ್ದೆವು. ಪೇರೆಂಟ್ಸ್ ಚಪ್ಪಾಳೆ ಹೊಡೆದರು, ನನಗೂ ಖುಷಿ ಆಯ್ತು. ಎರಡನೇ ಮ್ಯಾಚ್ ಮಧ್ಯಾಹ್ನ, ಸಿಮೆಂಟ್ ಕೋರ್ಟ್, ನೆತ್ತಿ ಮೇಲೆ ಬಿಸಿಲು. ಮತ್ತೆ ಅದೇ ಐದು ಜನ. ಮೂರನೇ ಕ್ವಾರ್ಟರ್‌ಗೆ ಕಥೆ ಬದಲಾಯ್ತು.

ಇಲ್ಲಿ ಒಂದು ವಿಷಯ ಗಮನಿಸಿ. ಸುಸ್ತಾದ ಹುಡುಗ ಮೊದಲು ನಿಲ್ಲಿಸೋದು ಓಡೋದನ್ನಲ್ಲ, ಡಿಫೆನ್ಸ್‌ನಲ್ಲಿ ಕಾಲು ಆಡಿಸೋದನ್ನ. ಕಾಲು ನಿಂತಾಗ ಕೈ ಮುಂದೆ ಹೋಗುತ್ತೆ. ಕೈ ಹೋದ್ರೆ ಫೌಲ್. ನಾಲ್ಕನೇ ಕ್ವಾರ್ಟರ್‌ನಲ್ಲಿ ನಮ್ಮ ಟೀಮ್ ಫೌಲ್ ಬೇಗ ಐದಾಯ್ತು, ಎದುರಾಳಿಗಳು ಫ್ರೀ ಥ್ರೋ ಹಾಕ್ತಾನೇ ಇದ್ದರು, ನಮ್ಮ ಕ್ಯಾಪ್ಟನ್ 5 ಫೌಲ್ ಆಗಿ ಹೊರಗೆ ಬಂದ. ಬೆಂಚ್‌ನಲ್ಲಿದ್ದವನು ಬೆಳಿಗ್ಗೆಯಿಂದ ಬಾಲ್ ಮುಟ್ಟಿರಲಿಲ್ಲ. ಒಳಗೆ ಹೋದವನೇ ಸಿಕ್ಕ ಮೊದಲ ಪಾಸ್ ಬಿಟ್ಟ. ಸೋತೆವು.

ಸೋತದ್ದು ಅಷ್ಟು ನೋವಾಗಲಿಲ್ಲ. ಬ್ಯಾಗ್ ತುಂಬ್ತಾ ಇದ್ದಾಗ 11ನೇ ನಂಬರ್ ಹುಡುಗ ಬಂದ. ಎರಡು ಮ್ಯಾಚ್‌ನಲ್ಲೂ ಅವನನ್ನ ಒಂದು ನಿಮಿಷ ಕೂಡ ಇಳಿಸಿರಲಿಲ್ಲ. ಕೋಪ ಇಲ್ಲ, ಅಳು ಇಲ್ಲ, ಮೆಲ್ಲಗೆ ಕೇಳಿದ: "ಅಣ್ಣಾ, ನಾಳೆ ನಾನು ಬರ್ಬೇಕಾ?"

"ಬರ್ಲೇಬೇಕು ಕಣೋ" ಅಂದೆ. ಆದ್ರೆ ಅವನು ಕೇಳಿದ್ದರಲ್ಲಿ ತಪ್ಪೇನಿತ್ತು? ಅವನ ಜರ್ಸಿಯಲ್ಲಿ ಒಂದು ಹನಿ ಬೆವರೂ ಇರಲಿಲ್ಲ.

3. ಲೆಕ್ಕ

ಅವತ್ತು ರಾತ್ರಿ ನೋಟ್‌ಬುಕ್ ತೆಗೆದು ಕೂತೆ. 8 ನಿಮಿಷದ ನಾಲ್ಕು ಕ್ವಾರ್ಟರ್ ಅಂದ್ರೆ 32 ನಿಮಿಷ. ಕೋರ್ಟ್‌ನಲ್ಲಿ ಯಾವಾಗಲೂ ಐದು ಜನ. 32 × 5 = 160. ಒಂದು ಮ್ಯಾಚ್‌ನಲ್ಲಿ ಕೋಚ್ ಕೈಯಲ್ಲಿರೋ ಆಸ್ತಿ ಇಷ್ಟೇ, 160 ಆಟದ ನಿಮಿಷ. ನಾಲ್ಕು ಮ್ಯಾಚ್‌ಗೆ 640. ಇದನ್ನ ಐದೇ ಜನರಿಗೆ ಕೊಟ್ಟರೆ ಎರಡು ದಿನದಲ್ಲಿ ತಲಾ 128 ನಿಮಿಷ. ದೊಡ್ಡವರ ಪೂರ್ತಿ ಮ್ಯಾಚ್ 40 ನಿಮಿಷ. ಅಂದ್ರೆ ಹನ್ನೆರಡು ವರ್ಷದ ಹುಡುಗನಿಂದ ವೀಕೆಂಡ್‌ನಲ್ಲಿ ದೊಡ್ಡವರ ಮೂರು ಮ್ಯಾಚ್‌ಗಿಂತ ಜಾಸ್ತಿ ಆಡಿಸೋಕೆ ಹೊರಟಿದ್ದೆ!

ಹೀಗೆ ಹಂಚಿ ನೋಡಿ. ಮ್ಯಾಚನ್ನ 4 ನಿಮಿಷದ 8 ತುಂಡು ಮಾಡಿ. ಪ್ರತಿ ತುಂಡಿನಲ್ಲಿ ಐದು ಜಾಗ, ಒಟ್ಟು 40 ಜಾಗ. ತುಂಬಾ ಚೆನ್ನಾಗಿ ಆಡುವ ಇಬ್ಬರಿಗೆ ತಲಾ 6, ಮುಂದಿನ ನಾಲ್ವರಿಗೆ ತಲಾ 4, ಉಳಿದ ನಾಲ್ವರಿಗೆ ತಲಾ 3. ಕೂಡಿಸಿದ್ರೆ 12 + 16 + 12 = 40. ಒಳ್ಳೆ ಆಟಗಾರ 24 ನಿಮಿಷ ಆಡ್ತಾನೆ, ಇವತ್ತಷ್ಟೇ ಕಲಿತವನೂ 12 ನಿಮಿಷ ಆಡ್ತಾನೆ. ಆಟ ನಿಂತಾಗ ಮಾತ್ರ ಬದಲಾಯಿಸೋದ್ರಿಂದ ಅರ್ಧ ನಿಮಿಷ ಆಚೆ ಈಚೆ ಆಗುತ್ತೆ, ಪರವಾಗಿಲ್ಲ.

ಈ ಆಟ ಹುಟ್ಟಿದ್ದೂ ಎಲ್ಲರನ್ನೂ ಆಡಿಸೋದಕ್ಕೇ. 1891ರ ಚಳಿಗಾಲದಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಅನ್ನೋ ಮೇಷ್ಟ್ರು ಒಳಗೆ ಆಡುವಂಥ ಒಂದು ಆಟ ಹುಡುಕ್ತಾ ಇದ್ದರು. ಅವರ ಕ್ಲಾಸ್‌ನಲ್ಲಿದ್ದದ್ದು 18 ಜನ. ಹಣ್ಣಿನ ಬುಟ್ಟಿ ಎರಡು ಕಡೆ ಕಟ್ಟಿ, 9 ಜನರ ಎರಡು ಟೀಮ್ ಮಾಡಿದರು. ಆ ಮೊದಲ ಆಟದಲ್ಲಿ ಬೆಂಚ್ ಮೇಲೆ ಕೂತವರು ಯಾರೂ ಇರಲಿಲ್ಲ.

4. ಯಾರ ಜೊತೆ ಯಾರು

ಚೆನ್ನಾಗಿ ಆಡುವ ಐದು ಜನ ಒಂದು ಗುಂಪು, ಉಳಿದವರು ಇನ್ನೊಂದು ಗುಂಪು ಅಂತ ಮಾಡಬೇಡಿ. ಎರಡನೇ ಗುಂಪು ಇಳಿದ ಕೂಡಲೇ ಸ್ಕೋರ್ ಬೀಳುತ್ತೆ, ತಪ್ಪು ಅವರದ್ದು ಅಂತ ಎಲ್ಲರಿಗೂ ಅನ್ಸುತ್ತೆ. ಪ್ರತಿ ತುಂಡಿನಲ್ಲೂ ಬಾಲ್ ಡ್ರಿಬಲ್ ಮಾಡಿ ಮುಂದೆ ತರಬಲ್ಲ ಒಬ್ಬ, ರೀಬೌಂಡ್ ಹಿಡಿಯುವ ಒಬ್ಬ ಇದ್ದೇ ಇರಲಿ. ಅವರ ಜೊತೆ ಕಲಿಯುವವರನ್ನ ಸೇರಿಸಿ. ಕಲಿಯುವವನಿಗೆ ಒಂದೇ ಕೆಲಸ ಕೊಡಿ: "7ನೇ ನಂಬರ್ ಎಲ್ಲಿ ಹೋದ್ರೂ ಅವನ ಜೊತೆ ಹೋಗು." ಹತ್ತು ವಿಷಯ ಹೇಳಿದ್ರೆ ಒಂದೂ ನೆನಪಿರಲ್ಲ.

5. ಟೈಮ್‌ಔಟ್‌ನ ಒಂದು ನಿಮಿಷ

ಮೊದಲ 20 ಸೆಕೆಂಡ್ ಕೂರಿಸಿ, ನೀರು ಕೊಡಿ, ಮಾತಾಡಬೇಡಿ. ಆಮೇಲೆ ಒಂದೇ ವಿಷಯ ಹೇಳಿ. ಕೊನೆಗೆ ಒಬ್ಬನ ಕೈಲಿ ಅದನ್ನ ವಾಪಸ್ ಹೇಳಿಸಿ. ಅವನಿಗೆ ಹೇಳೋಕೆ ಆಗದಿದ್ರೆ ಯಾರಿಗೂ ಅರ್ಥ ಆಗಿಲ್ಲ ಅಂತ. ರೆಫರಿ ಮೇಲೆ ಕೂಗೋದಂತೂ ಬೇಡವೇ ಬೇಡ. ನೀವು ಒಂದು ಸಲ ಕೂಗಿದ್ರೆ ಹತ್ತೂ ಹುಡುಗರು ಆಟ ಬಿಟ್ಟು ವಿಸಿಲ್ ಬಗ್ಗೆ ಯೋಚಿಸ್ತಾರೆ.

6. ಎರಡು ಮ್ಯಾಚ್‌ಗಳ ನಡುವೆ

ನೆರಳು ಹುಡುಕಿ. ಶೂ ಲೇಸ್ ಸಡಿಲ ಮಾಡಿಸಿ, ಒದ್ದೆ ಸಾಕ್ಸ್ ಬದಲಾಯಿಸಿ. ಇಡ್ಲಿ, ಬಾಳೆಹಣ್ಣು ಸಾಕು. ಬೋಂಡಾ, ಬಜ್ಜಿ ಸಂಜೆಗೆ. ಬಾಯಾರಿಕೆ ಆಗೋವರೆಗೂ ಕಾಯದೆ ಆಗಾಗ ಸ್ವಲ್ಪ ಸ್ವಲ್ಪ ನೀರು ಕುಡಿಸಿ. ಬಿಡುವಿನಲ್ಲಿ ಹೊಸ ಪ್ಲೇ ಕಲಿಸೋಕೆ ಹೋಗಬೇಡಿ, ಟೂರ್ನಮೆಂಟ್ ದಿನ ಅದಕ್ಕಲ್ಲ.

7. ಭಾನುವಾರ

ಬೆಳಿಗ್ಗೆ ಹುಡುಗರನ್ನ ಕೂರಿಸಿ ಆ ಪಟ್ಟಿ ತೋರಿಸಿದೆ. ಯಾರು ಯಾವಾಗ ಇಳೀತಾರೆ ಅಂತ ಎಲ್ಲರಿಗೂ ಮೊದಲೇ ಗೊತ್ತಾಯ್ತು. ಕ್ಯಾಪ್ಟನ್ ತಂದೆಗೆ ಇಷ್ಟ ಆಗಲಿಲ್ಲ. "ಗೆಲ್ಲೋ ಮ್ಯಾಚ್‌ನ ಯಾಕಪ್ಪಾ ಬಿಟ್ಕೊಡ್ತೀಯಾ?" ಅಂದರು. "ಅಂಕಲ್, ಇವತ್ತು ಎರಡು ಮ್ಯಾಚ್ ಇರಬಹುದು" ಅಂದೆ. ಬೆಳಗಿನ ಮ್ಯಾಚ್ ಗೆದ್ದೆವು.

ಸೆಮಿಫೈನಲ್‌ನ ಮೂರನೇ ಕ್ವಾರ್ಟರ್‌ನಲ್ಲಿ ಕ್ಯಾಪ್ಟನ್‌ಗೆ ನಾಲ್ಕನೇ ಫೌಲ್. ಹೊರಗೆ ಕರೆದೆ. 11ನೇ ನಂಬರ್ ನಾನು ಹೇಳೋಕೆ ಮುಂಚೆಯೇ ಎದ್ದು ಟೇಬಲ್ ಹತ್ರ ಹೋಗಿ ನಿಂತಿದ್ದ. ಅವನು ಬಾಸ್ಕೆಟ್ ಏನೂ ಹಾಕಲಿಲ್ಲ. ತನಗಿಂತ ಒಂದು ಗೇಣು ಎತ್ತರದ ಹುಡುಗನಿಗೆ ಬೆನ್ನು ಕೊಟ್ಟು ನಿಂತು ಒಂದು ರೀಬೌಂಡ್ ಹಿಡಿದ, ಸರಿಯಾದ ಪಾಸ್ ಕೊಟ್ಟ. ಕೊನೆಯ ಕ್ವಾರ್ಟರ್‌ಗೆ ಕ್ಯಾಪ್ಟನ್ ವಾಪಸ್ ಬಂದಾಗ ಅವನ ಕಾಲಲ್ಲಿ ಇನ್ನೂ ಓಟ ಇತ್ತು.

ಎರಡು ಪಾಯಿಂಟ್‌ನಲ್ಲಿ ಸೋತೆವು. ಅದೇ ಐದು ಜನರನ್ನ ಪೂರ್ತಿ ಆಡಿಸಿದ್ರೆ ಗೆಲ್ತಿದ್ವಾ ಅಂತ ಅಂಕಲ್ ಕೇಳಿದರು. ಗೆಲ್ತಿದ್ವೇನೋ, ನನಗೆ ಗೊತ್ತಿಲ್ಲ. ಆದ್ರೆ ಮನೆಗೆ ಹೊರಡುವಾಗ 11ನೇ ನಂಬರ್ ಮತ್ತೆ ಬಂದ. ಜರ್ಸಿ ಬೆನ್ನಿಗೆ ಅಂಟಿಕೊಂಡಿತ್ತು. ಈ ಸಲ ಕೇಳಿದ್ದು ಬೇರೆ: "ಅಣ್ಣಾ, ಪ್ರಾಕ್ಟೀಸ್ ಎಷ್ಟು ಗಂಟೆಗೆ?"