ಬೇಲಿಗೂ ಸೈ, ಕಾಸಿಗೂ ಸೈ: ಕವಳಿ ಗಿಡ ಬೆಳೆಸೋದು ಹೇಗೆ?

ಬೇಕರಿ ಕೇಕ್ ಮೇಲಿರುವ ಕೆಂಪು ‘ಚೆರ್ರಿ’ ನೆನಪಿದೆಯಾ? ನಮ್ಮಲ್ಲಿ ಸಿಗುವ ಅಂಥ ಚೆರ್ರಿ ಬಹಳಷ್ಟು ಸಲ ಚೆರ್ರಿಯೇ ಅಲ್ಲ. ಕವಳಿಕಾಯಿಯ ಬೀಜ ತೆಗೆದು, ಬಣ್ಣ ಹಾಕಿ, ಸಕ್ಕರೆ ಪಾಕದಲ್ಲಿ ನೆನೆಸಿದ್ದು. ಗುಡ್ಡದ ಮೇಲೆ ತಾನಾಗಿ ಬೆಳೆಯುವ ಈ ಮುಳ್ಳುಗಿಡವನ್ನೇ ಹೊಲದ ಸುತ್ತ ಬೆಳೆಸಿದರೆ ಬೇಲಿಯೂ ಆಯ್ತು, ಒಂದಿಷ್ಟು ಆದಾಯವೂ ಆಯ್ತು.

ಗುರುತು ಹೇಗೆ?

ಕವಳಿ, ಕೌಳಿ, ಕರಂಡೆ ಹೀಗೆ ಊರಿಗೊಂದು ಹೆಸರು. ಸಸ್ಯಶಾಸ್ತ್ರದಲ್ಲಿ ಇದು ಕ್ಯಾರಿಸ್ಸಾ ಕುಲ, ಕಣಗಿಲೆಯ ಕುಟುಂಬ. ಎಲೆಗಳು ಎದುರುಬದುರು, ಮುಳ್ಳು ಜೋಡಿಜೋಡಿ, ಹೂವು ಮಲ್ಲಿಗೆಯಂತೆ ಬಿಳಿ. ಎಲೆ ಕಿತ್ತರೆ ಹಾಲಿನಂಥ ಸೊನೆ ಬರುತ್ತದೆ.

ನಮಗೆ ಮುಖ್ಯವಾದವು ಎರಡು. ಕುರುಚಲು ಕಾಡಿನಲ್ಲಿ ಸಿಗುವ ಸಣ್ಣ ಹಣ್ಣಿನ ಕ್ಯಾರಿಸ್ಸಾ ಸ್ಪೈನಾರಮ್ ತಿನ್ನೋಕೆ ಚೆಂದ. ಮಾರಾಟಕ್ಕೆ ದೊಡ್ಡ ಕಾಯಿಯ ಕ್ಯಾರಿಸ್ಸಾ ಕರಂಡಾಸ್ ಒಳ್ಳೇದು. ಇದರಲ್ಲಿ ದಾಪೋಲಿಯ ‘ಕೊಂಕಣ ಬೋಲ್ಡ್’, ಪಂತನಗರದ ‘ಪಂತ್ ಮನೋಹರ್’, ‘ಪಂತ್ ಸುದರ್ಶನ್’, ‘ಪಂತ್ ಸುವರ್ಣ’ ತಳಿಗಳಿವೆ.

ಸಸಿ ಮಾಡೋದು

ಬೀಜ ಕೂಡಿಟ್ಟು ಮುಂದಿನ ವರ್ಷ ಹಾಕಿದರೆ ಮೊಳಕೆ ಸರಿಯಾಗಿ ಬರೋದಿಲ್ಲ. ಕಪ್ಪಗೆ ಪೂರ್ತಿ ಮಾಗಿದ ಹಣ್ಣು ಹಿಸುಕಿ, ಬೀಜಕ್ಕೆ ಅಂಟಿದ ತಿರುಳನ್ನು ಚೆನ್ನಾಗಿ ತೊಳೆದು, ನೆರಳಲ್ಲಿ ಆರಿಸಿ ತಕ್ಷಣ ಬಿತ್ತಿ. ಸಸಿ ತುಸು ಬಲಿತ ಮೇಲೆ ಚೀಲಕ್ಕೆ ಬದಲಿಸಿ, ಮುಂದಿನ ಮುಂಗಾರಿಗೆ ಹೊಲಕ್ಕೆ ಹಾಕಿ. ಬೀಜದ ಸಸಿಗಳಲ್ಲಿ ಕಾಯಿಯ ಗಾತ್ರ, ಬಣ್ಣ ಒಂದೇ ಥರ ಇರೋದಿಲ್ಲ. ಬೇಲಿಗೆ ಅದು ತೊಂದರೆಯಿಲ್ಲ. ಹಣ್ಣಿಗಾಗಿಯೇ ತೋಟ ಮಾಡೋದಾದರೆ ಗೂಟಿ ಗಿಡ ತನ್ನಿ.

ಎಷ್ಟು ಗಿಡ ಬೇಕು?

ಚೌಕಾಕಾರದ ಒಂದು ಎಕರೆಯ ಸುತ್ತಳತೆ ಸುಮಾರು 835 ಅಡಿ. 3 ಅಡಿಗೊಂದರಂತೆ ನೆಟ್ಟರೆ 280 ಸಸಿ ಸಾಕು. ಸತ್ತ ಕಡೆ ತುಂಬಲು 30 ಹೆಚ್ಚಿಗೆ ಇಟ್ಟುಕೊಳ್ಳಿ. ಗಿಡ ಅಗಲವಾಗಿ ಹರಡುತ್ತೆ, ಹಾಗಾಗಿ ಗಡಿಯಿಂದ ಕನಿಷ್ಠ 3 ಅಡಿ ಒಳಗೆ ನೆಡಿ. ಇಲ್ಲಾಂದ್ರೆ ಪಕ್ಕದ ಹೊಲದವರ ಜೊತೆ ಜಗಳ ಗ್ಯಾರಂಟಿ! ಕಲ್ಲುಭೂಮಿ, ಕೆಂಪುಮಣ್ಣು ಯಾವುದಾದರೂ ನಡೆಯುತ್ತೆ. ನೀರು ನಿಲ್ಲುವ ಜಾಗ ಮಾತ್ರ ಬೇಡ. ಗುಂಡಿಗೆ ಒಂದು ಬುಟ್ಟಿ ಕೊಟ್ಟಿಗೆ ಗೊಬ್ಬರ ಹಾಕಿ. ಮೊದಲ ಬೇಸಿಗೆಯಲ್ಲಿ ನೀರು ಕೊಟ್ಟು ಉಳಿಸಿಕೊಂಡರೆ ಆಮೇಲೆ ಮಳೆಯಲ್ಲೇ ಬದುಕುತ್ತದೆ.

ಸವರೋದರಲ್ಲೇ ಇದೆ ಗುಟ್ಟು

ಸುಮ್ಮನೆ ಬಿಟ್ಟರೆ ಗಿಡ ಮೇಲಕ್ಕೆ ಹೋಗಿ ಬುಡ ಖಾಲಿಯಾಗುತ್ತೆ. ಮೇಕೆ ನುಗ್ಗೋದೇ ಅಲ್ಲಿ. ಅದಕ್ಕೇ ಸಸಿ ಬೇರೂರಿದ ಮೇಲೆ ಒಂದು ಅಡಿ ಎತ್ತರದಲ್ಲಿ ತುದಿ ಕತ್ತರಿಸಿ. ಬುಡದಿಂದಲೇ ಕವಲು ಒಡೆಯುತ್ತದೆ.

ಹೂವು ಬರುವುದು ರೆಂಬೆಯ ತುದಿಯಲ್ಲಿ. ಚಳಿಗಾಲದ ಕೊನೆಗೆ ಸವರಿದರೆ ಹೂವನ್ನೇ ಕತ್ತರಿಸಿ ಹಾಕಿದ ಹಾಗೆ. ಆದ್ದರಿಂದ ಹಣ್ಣಿನ ಕೊಯ್ಲು ಮುಗಿದ ಕೂಡಲೇ, ಮಳೆಗಾಲದಲ್ಲೇ ಸವರಿ.

ಕೊಯ್ಲು, ಮಾರಾಟ

ಸಾಮಾನ್ಯವಾಗಿ ಮೂರನೇ ವರ್ಷದಿಂದ ಕಾಯಿ ಶುರು. ಉಪ್ಪಿನಕಾಯಿ, ಚೆರ್ರಿಗೆ ಬಲಿತ ಹಸಿ ಕಾಯಿ ಬೇಕು. ಪೆಕ್ಟಿನ್ ಜಾಸ್ತಿ ಇರೋದರಿಂದ ಅರೆ ಮಾಗಿದ್ದು ಜೆಲ್ಲಿಗೆ ಸೂಕ್ತ. ಮಾಗಿದ ಹಣ್ಣು ಎರಡು ಮೂರು ದಿನಕ್ಕೇ ಕೆಡುತ್ತದೆ. ಹಾಗಾಗಿ ಗಿರಾಕಿ ಸಿಕ್ಕ ಮೇಲೆ ಹಣ್ಣು ಕೀಳಿ, ಕಿತ್ತ ಮೇಲೆ ಗಿರಾಕಿ ಹುಡುಕಬೇಡಿ. ಮೊದಲ ವರ್ಷ ಮನೆಯಲ್ಲೇ ಉಪ್ಪಿನಕಾಯಿ ಮಾಡಿ, ಊರಿನ ವಾಟ್ಸಾಪ್ ಗುಂಪಿನಲ್ಲಿ ಮಾರಿ ನೋಡಿ.

ನೆನಪಿಡಿ

• ದನ, ಮೇಕೆಗೆ ಈ ಬೇಲಿ ಸಾಕು. ಆನೆಗೆ ಸಾಲದು, ಹಂದಿ ಸಣ್ಣ ಸಂದಿ ಸಿಕ್ಕರೂ ನುಗ್ಗುತ್ತದೆ.
• ಬೇಲಿ ಗಟ್ಟಿಯಾಗಲು ಮೂರು ನಾಲ್ಕು ವರ್ಷ ಬೇಕು. ಅಲ್ಲಿವರೆಗೆ ಹಳೇ ಬೇಲಿ ಕೀಳಬೇಡಿ.
• ಕೀಳುವಾಗ ದಪ್ಪ ಕೈಗವಸು ಹಾಕಿ. ಮುಳ್ಳು ಕಣ್ಣಿಗೆ ತಾಗದಂತೆ ಜೋಪಾನ.
• ಗುಡ್ಡದ ಗಿಡ ಬರಿದು ಮಾಡಬೇಡಿ. ಹಕ್ಕಿಗಳಿಗೂ ಅದೇ ಊಟ, ಬೀಜ ಹರಡೋದೂ ಅವೇ.

ಈ ವಾರದ ಕೆಲಸ ಇಷ್ಟೇ: ಹೊಲದ ಸುತ್ತಳತೆ ಅಳೆದು ಮೂರರಿಂದ ಭಾಗಿಸಿ. ಎಷ್ಟು ಸಸಿ ಬೇಕು ಅಂತ ನಿಮಗೇ ಗೊತ್ತಾಗುತ್ತೆ.